ಕಬ್ಬಿಣದ ಹಪ್ಪಳ

ನಮ್ಮ ಕಡೆಯ ಅಡುಗೆಮನೆಗಳಲ್ಲಿ ಪಾತ್ರೆಗಳಿಗೂ ಅಂತಸ್ತು ಉಂಟು. ಬಚ್ಚಲಿನ ತಾಮ್ರದ ಹಂಡೆಗೆ ಹಿರಿತನ. ದೇವರ ಕೋಣೆಯ ಕಂಚಿನ ದೀಪಕ್ಕೆ ಭಕ್ತಿ. ವರ್ಷಕ್ಕೆರಡು ಸಲ ಹುಣಸೆಹುಳಿ ಹಾಕಿ ತಿಕ್ಕಿಸಿಕೊಳ್ಳುವ ಹಿತ್ತಾಳೆಯ ಕೊಪ್ಪರಿಗೆಗೆ ಮರ್ಯಾದೆ. ದೋಸೆ ಹೊಯ್ಯುವ ಕಬ್ಬಿಣದ ಕಾವಲಿಯನ್ನಂತೂ ಇನ್ನೊಬ್ಬರ ಕೈಗೆ ಕೊಡುವ ಹೆಂಗಸನ್ನು ನಾನು ಈವರೆಗೆ ಕಂಡಿಲ್ಲ. ಸ್ಟೀಲು ಮದುವೆಯ ಉಡುಗೊರೆ, ಅದರ ಮೇಲೆ ಕೊಟ್ಟವರ ಹೆಸರು ಕೆತ್ತಿಸಿರುತ್ತದೆ. ಉಳಿದದ್ದು ಅಲ್ಯೂಮಿನಿಯಂ. ಅದರ ಮೇಲೆ ಯಾರೂ ಹೆಸರು ಕೆತ್ತಿಸುವುದಿಲ್ಲ. ಹಾಲು ಕಾಯಿಸುವುದು, ಗಂಜಿ ಬೇಯಿಸುವುದು, ಹಟ್ಟಿಗೆ ಅಕ್ಕಚ್ಚು ಒಯ್ಯುವುದು ಎಲ್ಲ ಅದರ ಪಾಲಿಗೆ. ನೆಗ್ಗಿ ಕುರೂಪವಾದ ದಿನ ಗುಜರಿಯವರ ತಕ್ಕಡಿಗೆ ಹಾಕಿ, ಬಂದ ಹಣವನ್ನು ಸಾಸಿವೆ ಡಬ್ಬಿಯಲ್ಲಿಟ್ಟು ಮರೆತುಬಿಡುತ್ತೇವೆ. ಮನೆಯಲ್ಲಿ ಹೆಚ್ಚು ದುಡಿಯುವವರಿಗೆ ಕಡಿಮೆ ಮರ್ಯಾದೆ ಎಂಬ ನಿಯಮ ಪಾತ್ರೆಗಳಿಗೂ ಅನ್ವಯಿಸುತ್ತದೆ ಎಂದು ಕಾಣುತ್ತದೆ.

ಈ ಅಲ್ಯೂಮಿನಿಯಮ್ಮಿನಲ್ಲಿಯೂ ಎರಡು ಬಗೆ. ತಗಡನ್ನು ಒತ್ತಿ ಮಾಡಿದ್ದು ಒಂದು, ಕರಗಿಸಿ ಅಚ್ಚಿಗೆ ಹೊಯ್ದದ್ದು ಇನ್ನೊಂದು. ಅನ್ನದ ಪಾತ್ರೆ, ಅದರ ಮುಚ್ಚಳ, ಕುಕ್ಕರು ಮೊದಲನೆಯ ಬಗೆ. ಸೇಮಿಗೆ ಮಣೆ, ಗುಳಿಯಪ್ಪದ ಕಾವಲಿ, ಸ್ಕೂಟರಿನ ಎಂಜಿನ್ನಿನ ಕವಚ ಇವೆಲ್ಲ ಎರಡನೆಯ ಬಗೆ, ಎಂದರೆ ಎರಕದ್ದು. ತಗಡಿನದ್ದು ಬಿದ್ದರೆ ನೆಗ್ಗುತ್ತದೆ. ಎರಕದ್ದಕ್ಕೆ ನೆಗ್ಗಿ ಗೊತ್ತಿಲ್ಲ, ತಡೆಯುವಷ್ಟು ತಡೆದು ಒಂದು ದಿನ ಟಕ್ಕೆಂದು ಮುರಿಯುತ್ತದೆ. ಹೀಗೇಕೆ ಎಂದು ನಾನು ತಿಳಿಯಹೊರಟದ್ದು ವಿಜ್ಞಾನದ ಹಂಬಲದಿಂದಲ್ಲ. ಒಂದು ಹುಡುಗಿಯ ಕೈಗೆ ಬಂದ ಅಪವಾದದಿಂದ.

ನನ್ನ ಗಂಡನ ಹಿರಿಯರ ಮನೆ ಇರುವುದು ಕಡಬದ ಒಳಗೆ. ಕಡಬ ಈಗ ತಾಲೂಕು, ಆಗಿನ್ನೂ ನಮ್ಮ ಪುತ್ತೂರಿಗೇ ಸೇರಿತ್ತು. ದೀಪಾವಳಿಗೆ ಎಲ್ಲರೂ ಅಲ್ಲಿ ಸೇರುವುದು ವಾಡಿಕೆ. ಆ ವರ್ಷ ಸೇಮಿಗೆ ಮಾಡುವುದೆಂದಾಯಿತು. ಸೇಮಿಗೆ ಎಂದರೆ ಘಟ್ಟದ ಮೇಲಿನವರು ಒತ್ತು ಶ್ಯಾವಿಗೆ ಎನ್ನುತ್ತಾರಲ್ಲ, ಅದು. ಅಕ್ಕಿ ಕಡೆದು, ಹಿಟ್ಟು ಕಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಮಣೆಯ ಒರಳಿಗೆ ಹಾಕಿ ಮೇಲಿನ ತಿರುಪನ್ನು ತಿರುಗಿಸಬೇಕು. ಕೆಳಗೆ ನೂಲು ನೂಲಾಗಿ ಇಳಿಯುತ್ತದೆ. ಬಾಳೆಹಣ್ಣಿನ ರಸಾಯನವಿದ್ದರೆ ಎಷ್ಟು ತಿಂದೆವೆಂಬ ಲೆಕ್ಕವೇ ಸಿಗದು. ಆದರೆ ತಿರುಗಿಸುವವರ ರಟ್ಟೆ ಬೀಳುತ್ತದೆ.

ಮೈದುನನ ಹೆಂಡತಿ ಹಾಸನದ ಕಡೆಯವಳು, ಮದುವೆಯಾಗಿ ಆರು ತಿಂಗಳು ಆಗಿತ್ತಷ್ಟೆ. “ಅಕ್ಕ, ನಾನೊಂದು ಸಲ ತಿರುಗಿಸಲಾ?” ಎಂದು ಆಸೆಯಿಂದ ಬಂದು ಹಿಡಿ ಹಿಡಿದಳು. ಎರಡು ಸುತ್ತು ಆಯಿತು. ಮೂರನೆಯ ಸುತ್ತಿಗೆ ಟಕ್ ಎಂದಿತು. ತಿರುಪನ್ನು ಹಿಡಿದುಕೊಂಡಿದ್ದ ಮೇಲಿನ ಅಡ್ಡಪಟ್ಟಿ, ಹೆಬ್ಬೆರಳಿಗಿಂತ ದಪ್ಪ ಇದ್ದದ್ದು, ಎರಡು ತುಂಡಾಗಿ ಬಿತ್ತು. ಬಿಸಿ ಉಂಡೆ ಚಿಮ್ಮಿ ಅವಳ ಮುಂಗೈಗೆ ತಾಗಿ ಬೊಕ್ಕೆ ಎದ್ದಿತು. ಎಲ್ಲರ ಕಣ್ಣು ಹೋದದ್ದು ಮೊದಲು ಮಣೆಯ ಮೇಲೆ, ಆಮೇಲೆ ಅವಳ ಕೈಯ ಮೇಲೆ.

“ಉಂಡೆ ತಣಿದಿತ್ತೋ ಎಂತದೋ. ತಣಿದ ಮೇಲೆ ಬಲ ಹಾಕಬಾರದು ಮಾರಾಯ್ತಿ” ಎಂದರು ಅತ್ತೆ.

“ಬಿಸಿಯೇ ಇತ್ತು ಅತ್ತೆ. ಮಣೆಯದ್ದೇ ಏನೋ ಆಗಿದೆ.”

“ಕುಣಿಯಲಾರದವಳಿಗೆ ನೆಲ ಡೊಂಕು” ಎಂದು ಮೂಲೆಯಿಂದ ಯಾರೋ ಹಿರಿಯರು ತೆಗೆದ ಮಾತಿಗೆ ಎಲ್ಲರೂ ನಕ್ಕರು.

ಅದು ಅಲ್ಲಿಗೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ನಗು ಆ ದಿನದ್ದು, ಮಾತು ವರ್ಷಗಟ್ಟಲೆಯದ್ದು. ಆಮೇಲೆ ಆ ಮನೆಯಲ್ಲಿ ಗಾಜಿನ ಲೋಟ ಒಡೆದರೂ, ಬಾವಿಯ ಹಗ್ಗ ತುಂಡಾದರೂ “ಅವಳು ಮುಟ್ಟಿದ್ದಾಳೋ?” ಎಂಬ ತಮಾಷೆ. ತಮಾಷೆಯೇ, ಸರಿ. ಆದರೆ ಆ ಹುಡುಗಿ ಮೆಲ್ಲಗೆ ಒಲೆಯ ಬಳಿಯಿಂದ ಹಿಂದೆ ಸರಿದು, ಜಗಲಿಯಲ್ಲಿ ಕುಳಿತು ತರಕಾರಿ ಹೆಚ್ಚಲು ಮಾತ್ರ ಕೈ ಹಾಕುವವಳಾದಳು. ಹೊಸ ಮನೆಗೆ ಬಂದ ಹೆಣ್ಣಿಗೆ ಅಡುಗೆಮನೆಯೊಳಗೆ ಒಂದು ಜಾಗ ಸಿಗಲು ಎಷ್ಟು ಕಾಲ ಬೇಕು, ಅದನ್ನು ಕಳೆದುಕೊಳ್ಳಲು ಎಷ್ಟು ಹೊತ್ತು ಸಾಕು ಎಂಬುದು ನಮಗೆ ನಿಮಗೆ ತಿಳಿಯದ್ದೇನಲ್ಲ.

ಮಣೆಯ ತುಂಡುಗಳನ್ನು ನಾನು ಆ ದೀಪಾವಳಿಗೇ ಚೀಲಕ್ಕೆ ಹಾಕಿ ತಂದಿದ್ದೆ. ಮುರಿದ ಜಾಗ ನೋಡಲು ವಿಚಿತ್ರವಾಗಿತ್ತು. ಹೊರಗೆ ಬೆಳ್ಳಗೆ ನುಣ್ಣಗಿದ್ದ ಲೋಹದ ಒಳಗೆ ಬೂದು ಬಣ್ಣ. ಬಿಸಿಲಿಗೆ ಹಿಡಿದರೆ ಸಣ್ಣ ಸಣ್ಣ ಚಪ್ಪಟೆ ಹೊಳಪುಗಳು, ಕಲ್ಲುಸಕ್ಕರೆ ಒಡೆದಾಗ ಕಾಣುವ ಹಾಗೆ. ತವರಿಗೆ ಹೋಗುವಾಗ ಅದನ್ನು ಸುಳ್ಯಕ್ಕೆ ಒಯ್ದೆ. ನನ್ನ ತಮ್ಮ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲೋಹಗಳ ಪಾಠ ಮಾಡುವವನು.

“ನಿನ್ನ ಅತ್ತೆಮನೆಯ ಮಣೆಯ ಪೋಸ್ಟ್‌ಮಾರ್ಟಂ ಮಾಡಬೇಕಾ ಅಕ್ಕ?” ಎಂದು ನಕ್ಕರೂ ತುಂಡನ್ನು ಕಿಸೆಗೆ ಹಾಕಿಕೊಂಡ. ಅದರಿಂದ ಉಗುರಿನಷ್ಟು ಚೂರು ಕೊಯ್ದು, ಮೊದಲು ಒರಟು, ಆಮೇಲೆ ನಯ, ಇನ್ನೂ ನಯದ ಪಾಲಿಶ್ ಕಾಗದಗಳ ಮೇಲೆ ಕನ್ನಡಿಯ ಹಾಗೆ ಮಿರುಗುವವರೆಗೆ ತಿಕ್ಕಿದನಂತೆ. ಮರುವಾರ ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ.

ನೋಡಿದರೆ ಒಳಗೊಂದು ಊರೇ ಇತ್ತು. ಬೆಳ್ಳನೆಯ ಬಯಲು, ಅದು ಅಲ್ಯೂಮಿನಿಯಂ. ನಡುನಡುವೆ ಬೂದು ಚುಕ್ಕೆಗಳು, ಅದು ಸಿಲಿಕಾನ್. ಎರಕ ಅಚ್ಚಿನ ಮೂಲೆಮೂಲೆಗೂ ನೀರಿನ ಹಾಗೆ ಹರಿಯಲೆಂದು ಬೇಕೆಂದೇ ಸೇರಿಸುವ ವಸ್ತು ಅದು. ಇವೆರಡನ್ನೂ ಸೀಳಿಕೊಂಡು ಅಡ್ಡಾದಿಡ್ಡಿಯಾಗಿ ಉದ್ದುದ್ದ ಸೂಜಿಗಳು.

“ಇದು ಯಾವುದು?”

“ಕಬ್ಬಿಣ.”

ಅಲ್ಯೂಮಿನಿಯಂ ಮಣೆಯೊಳಗೆ ಕಬ್ಬಿಣದ ಸೂಜಿಯೇ? ಅವನು ವಿವರಿಸಿದ್ದನ್ನು ನನ್ನ ಅಡುಗೆಮನೆಯ ಭಾಷೆಗೆ ತಂದು ಹೇಳುತ್ತೇನೆ.

ಅಲ್ಯೂಮಿನಿಯಂ ಕರಗುವುದು ೬೬೦ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಬ್ಬಿಣ ಕರಗಲು ೧೫೩೮ ಡಿಗ್ರಿ ಬೇಕು. ಹಾಗಾದರೆ ಕಬ್ಬಿಣದ ಸೌಟಿನಿಂದ ಕರಗಿದ ಅಲ್ಯೂಮಿನಿಯಂ ಕದಡಿದರೆ ಸೌಟಿಗೇನೂ ಆಗದು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಉಪ್ಪು ಬೆಂಕಿಯಲ್ಲಿ ಕರಗಲು ಎಂಟುನೂರು ಡಿಗ್ರಿ ಬೇಕಾದರೂ ಸಾರಿಗೆ ಹಾಕಿದೊಡನೆ ಕರಗುವುದಿಲ್ಲವೇ? ಹಾಗೆ ಕಬ್ಬಿಣ ಅಲ್ಯೂಮಿನಿಯಂ ದ್ರವದಲ್ಲಿ ಮೆಲ್ಲಗೆ ಕದಡಿಹೋಗುತ್ತದೆ. ೬೫೫ ಡಿಗ್ರಿಯ ಆಸುಪಾಸಿನಲ್ಲಿ ಒಂದು ಕಿಲೋ ದ್ರವ ಸುಮಾರು ೧೮ ಗ್ರಾಂ ಕಬ್ಬಿಣವನ್ನು ಸುಮ್ಮನೆ ನುಂಗಿ ಕೂರಬಲ್ಲುದು. ತಣಿದು ಗಟ್ಟಿಯಾಗುವಾಗ ಮಾತ್ರ ಅದರ ಹೊಟ್ಟೆಯಲ್ಲಿ ಹಿಡಿಯುವುದು ಅರ್ಧ ಗ್ರಾಂ, ಅದೂ ಹೆಚ್ಚೆಂದರೆ. ಉಳಿದದ್ದು ಎಲ್ಲಿಗೆ ಹೋಗಬೇಕು? ಹೊರಗೆ ಹೋಗಲು ದಾರಿಯಿಲ್ಲ. ಸುತ್ತಲಿನ ಅಲ್ಯೂಮಿನಿಯಂ, ಸಿಲಿಕಾನುಗಳ ಜತೆ ಕೂಡಿಕೊಂಡು ಮೂವರ ಹೊಸ ಸಂಸಾರ ಹೂಡುತ್ತದೆ. ಐದು ಪರಮಾಣು ಅಲ್ಯೂಮಿನಿಯಂ, ಒಂದು ಕಬ್ಬಿಣ, ಒಂದು ಸಿಲಿಕಾನ್. ಇದಕ್ಕೆ ಅವರು ಬೀಟಾ ಎಂದು ಹೆಸರಿಟ್ಟಿದ್ದಾರೆ. ತೂಕದಲ್ಲಿ ಅದರ ಕಾಲು ಪಾಲು ಮಾತ್ರ ಕಬ್ಬಿಣ. ಎಂದರೆ ಒಂದು ಗ್ರಾಂ ಕಬ್ಬಿಣ ಸೇರಿದರೆ ಸುಮಾರು ನಾಲ್ಕು ಗ್ರಾಂ ಬೀಟಾ ಹುಟ್ಟಬಹುದು. ಸ್ವಲ್ಪ ಹೆಪ್ಪು ಹಾಕಿ ಪಾತ್ರೆ ತುಂಬ ಮೊಸರಾದ ಹಾಗೆ.

“ಅದು ಸೂಜಿಯಲ್ಲ ಅಕ್ಕ, ತೆಳ್ಳನೆಯ ತಗಡು. ನಾವು ಅಡ್ಡ ಕೊಯ್ದು ನೋಡುವುದರಿಂದ ಗೆರೆಯ ಹಾಗೆ ಕಾಣುವುದು” ಎಂದ ತಮ್ಮ. ನನಗೆ ಕೂಡಲೇ ಹೊಳೆದದ್ದು ಹಪ್ಪಳ. ಹದವಾದ ಹಿಟ್ಟಿನ ಮುದ್ದೆಯೊಳಗೆ ಕರಿದ ಹಪ್ಪಳಗಳನ್ನು ಹೂತಿಟ್ಟು ಕತ್ತಿಯಿಂದ ಕೊಯ್ದರೆ ಹೀಗೆಯೇ ಗೆರೆ ಕಾಣುತ್ತದೆ. ಮುದ್ದೆಯನ್ನು ಬಗ್ಗಿಸಿದರೆ ಮುದ್ದೆ ಬಗ್ಗೀತು, ಹಪ್ಪಳ ಬಗ್ಗೀತೇ? ಪಟ್ಟೆಂದು ಒಡೆಯುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದ. ಒಂದು ಹಪ್ಪಳದಿಂದ ಮುಂದಿನ ಹಪ್ಪಳಕ್ಕೆ ಹಾರಿಕೊಂಡು ಅದು ಈ ಬದಿಯಿಂದ ಆ ಬದಿಗೆ ಹೋಗಿಬಿಡುತ್ತದೆ. ಇನ್ನೊಂದು ಕೇಡೂ ಉಂಟು. ಲೋಹ ಗಟ್ಟಿಯಾಗುತ್ತ ಕುಗ್ಗುವಾಗ ಖಾಲಿಯಾದ ಜಾಗಕ್ಕೆ ಉಳಿದ ದ್ರವ ಹರಿದು ಬರಬೇಕು. ಈ ತಗಡುಗಳು ತೋಡಿಗೆ ಅಡ್ಡ ಬಿದ್ದ ಸೋಗೆಯ ಹಾಗೆ ದಾರಿ ಕಟ್ಟುತ್ತವೆ. ಅಲ್ಲಲ್ಲಿ ಸಣ್ಣ ತೂತುಗಳು ಉಳಿದುಬಿಡುತ್ತವೆ. ನಮ್ಮ ಮಣೆಯ ಚೂರಿನಲ್ಲಿ ಅವೂ ಕಂಡವು.

“ಅಷ್ಟು ದಪ್ಪ ಇತ್ತಲ್ಲೋ!” ಎಂದೆ.

“ದಪ್ಪ ಇದ್ದದ್ದೂ ತೊಂದರೆಯೇ. ತುಪ್ಪ ಕಾಯಿಸಿ ನಿಧಾನವಾಗಿ ತಣಿಯಲು ಬಿಟ್ಟರೆ ಎಂತ ಆಗುತ್ತದೆ?”

ಹರಳು ಹರಳಾಗುತ್ತದೆ. ಬೇಗ ತಣಿಸಿದರೆ ಹರಳು ಏಳದೆ ನುಣ್ಣಗೆ ಗಟ್ಟಿಯಾಗುತ್ತದೆ. ಲೋಹಕ್ಕೂ ಇದೇ ಪಾಠ. ತೆಳ್ಳಗಿನ ಜಾಗ ಬೇಗ ತಣಿದು ತಗಡುಗಳು ಸಣ್ಣವಾಗಿಯೇ ಉಳಿಯುತ್ತವೆ. ದಪ್ಪದ ಜಾಗ ನಿಧಾನವಾಗಿ ತಣಿದು ಅವು ದೊಡ್ಡದಾಗಿ ಬೆಳೆಯುತ್ತವೆ. ನಾವು ಗಟ್ಟಿಯೆಂದು ನಂಬಿದ್ದ ಜಾಗದಲ್ಲೇ ದೊಡ್ಡ ಹಪ್ಪಳಗಳು ಕುಳಿತಿದ್ದವು.

ಹಾಗಾದರೆ ಕಬ್ಬಿಣವನ್ನು ತೆಗೆದುಬಿಡಬಾರದೇ? ಸಾಂಬಾರಿಗೆ ಉಪ್ಪು ಹೆಚ್ಚಾದರೆ ನಾವು ಮಾಡುವುದೇನು? ಉಪ್ಪನ್ನು ಹೆಕ್ಕಿ ತೆಗೆಯಲಾಗದು, ಇನ್ನಷ್ಟು ಬೇಳೆ ನೀರು ಬೆರೆಸುತ್ತೇವೆ. ಎರಕದವರಿಗೂ ಸುಲಭದ ದಾರಿ ಅದೇ, ಶುದ್ಧ ಅಲ್ಯೂಮಿನಿಯಂ ಬೆರೆಸಿ ತೆಳ್ಳಗೆ ಮಾಡುವುದು. ಅದಕ್ಕೆ ದುಡ್ಡು ಬೇಕು. ಇನ್ನೊಂದು ಉಪಾಯ ಮ್ಯಾಂಗನೀಸ್. ಕಬ್ಬಿಣದ ಅರ್ಧದಷ್ಟು ಮ್ಯಾಂಗನೀಸ್ ಸೇರಿಸಿದರೆ ಕಬ್ಬಿಣ ಹಪ್ಪಳದ ರೂಪ ಬಿಟ್ಟು ಗಂಟುಗಂಟಾದ ಕವಲಿನ ರೂಪ ತಾಳುತ್ತದೆ. ಚೀನೀ ಅಕ್ಷರಗಳ ಹಾಗೆ ಕಾಣುತ್ತದೆಂದು ಅದಕ್ಕೆ ಚೀನೀ ಲಿಪಿ ಎಂದೇ ಹೆಸರು. ನನ್ನ ಕಣ್ಣಿಗದು ಜಿಲೇಬಿಯ ಹಾಗೆ ಕಂಡಿತು. ಕಬ್ಬಿಣ ಎಲ್ಲಿಯೂ ಹೋಗಿಲ್ಲ, ಒಳಗೇ ಉಂಟು. ರೂಪ ಬದಲಾದದ್ದರಿಂದ ಉಪದ್ರ ಕಡಿಮೆಯಾಯಿತು, ಅಷ್ಟೆ. ಈ ಮ್ಯಾಂಗನೀಸೂ ಅತಿಯಾದರೆ ಭಾರದ ಹರಳುಗಳಾಗಿ ಕುಲುಮೆಯ ತಳದಲ್ಲಿ ಗಸಿಯ ಹಾಗೆ ಕೂರುತ್ತದಂತೆ.

ಕಬ್ಬಿಣ ಬರೀ ಕೇಡಿಯಲ್ಲ ಎಂಬುದನ್ನೂ ಹೇಳಬೇಕು. ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ದ್ರವ ತುಂಬಿ ಎಂಜಿನ್ನಿನ ಕವಚಗಳನ್ನು ಮಾಡುವಾಗ, ಶುದ್ಧ ಅಲ್ಯೂಮಿನಿಯಂ ಅಚ್ಚನ್ನೇ ತಿಂದು ಅಂಟಿಕೊಳ್ಳುತ್ತದೆ. ನೂರರಲ್ಲಿ ಒಂದು ಪಾಲಿನಷ್ಟು ಕಬ್ಬಿಣ ಮೊದಲೇ ಇದ್ದರೆ ಅದಕ್ಕೆ ಅಚ್ಚಿನ ಕಬ್ಬಿಣದ ಮೇಲೆ ಅಷ್ಟು ಆಸೆಯಿಲ್ಲ, ಉಂಡ ಹೊಟ್ಟೆಗೆ ಊಟದ ಆಸೆ ಇಲ್ಲದ ಹಾಗೆ. ಅದಕ್ಕೇ ಆ ಕೆಲಸದ ಎಲ್‌ಎಂ ೨೪ ಎಂಬ ಮಿಶ್ರಲೋಹದಲ್ಲಿ ಕಬ್ಬಿಣ ನೂರಕ್ಕೆ ೧.೩ರವರೆಗೆ ಇರಲು ಬಿಡುತ್ತಾರೆ. ಎಲ್‌ಎಂ ೬ರಲ್ಲಿ ೦.೬ ಮೀರಬಾರದು. ಜೀವ ಹೊತ್ತು ಓಡುವ ಕಾರಿನ ಅಲಾಯ್ ಚಕ್ರಗಳಿಗೆ ಬಳಸುವ ಎ೩೫೬ರಲ್ಲಿ ೦.೨ ದಾಟುವಂತಿಲ್ಲ. ಎಲ್ಲಿ ಎಷ್ಟು ಎಂಬ ಹದ ಬಲ್ಲವನೇ ಎರಕದವನು. ನಮ್ಮ ಮಣೆಯ ಮೇಲೆ ಮಾಡಿದವರ ಹೆಸರೂ ಇರಲಿಲ್ಲ, ಮಿಶ್ರಣದ ಗುರುತೂ ಇರಲಿಲ್ಲ. ಯಾವುದೋ ಜಾತ್ರೆಯಲ್ಲಿ ಕೊಂಡದ್ದು.

ಈ ಎರಡು ಲೋಹಗಳ ನಂಟು ನಿನ್ನೆ ಮೊನ್ನೆಯದಲ್ಲ. ನಮ್ಮ ಮನೆಗಳ ಗೋಡೆ ನೋಡಿ. ಪುತ್ತೂರು, ಸುಳ್ಯ, ಕಡಬದಲ್ಲಿ ಕೆಂಪು ಮುರಕಲ್ಲಿನ ಗೋಡೆ ಕಾಣದ ಓಣಿ ಇಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಫ್ರಾನ್ಸಿಸ್ ಬುಕಾನನ್ ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದವನು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ೧೮೦೭ರ ಅವನ ಪುಸ್ತಕದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ಲಕ್ಷಾಂತರ ವರ್ಷಗಳ ಮಳೆ ಬಂಡೆಯಲ್ಲಿದ್ದ ಉಳಿದೆಲ್ಲವನ್ನೂ ತೊಳೆದೊಯ್ದು, ತೊಳೆದರೂ ಹೋಗದ ಕಬ್ಬಿಣ, ಅಲ್ಯೂಮಿನಿಯಂಗಳನ್ನು ಬಿಟ್ಟುಹೋದ ಉಳಿಕೆಯೇ ಈ ಕಲ್ಲು. ಅಲ್ಯೂಮಿನಿಯಂ ಪಾಲು ಹೆಚ್ಚಾದರೆ ಅದೇ ಬಾಕ್ಸೈಟ್. ಬೆಳಗಾವಿಯಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪೆನಿ ಕಟ್ಟಿದ, ಈಗ ಹಿಂಡಾಲ್ಕೊದ ಕೈಯಲ್ಲಿರುವ ಕಾರ್ಖಾನೆ ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾದ ದಾರಿ ತೋರಿಸಿದವನು ೧೮೮೮ರಲ್ಲಿ ಕಾರ್ಲ್ ಬೇಯರ್. ಸೋಡಾದಲ್ಲಿ ಅಲ್ಯುಮಿನಾ ಕರಗುತ್ತದೆ, ಕಬ್ಬಿಣ ಕರಗದೆ ಕೆಂಪು ಕೆಸರಾಗಿ ಹಿಂದೆ ಉಳಿಯುತ್ತದೆ. ಮುಂದೆ ವಿದ್ಯುತ್ತು ಹಾಯಿಸಿ ತೆಗೆದ ಹೊಸ ಅಲ್ಯೂಮಿನಿಯಮ್ಮಿನಲ್ಲಿ ಕಿಲೋಗೆ ಒಂದೆರಡು ಗ್ರಾಂಗಿಂತ ಹೆಚ್ಚು ಕಬ್ಬಿಣ ಸಾಮಾನ್ಯವಾಗಿ ಇರದು.

ಅಷ್ಟು ಕಷ್ಟಪಟ್ಟು ಹೊರಗೆ ಹಾಕಿದ ಕಬ್ಬಿಣವನ್ನು ಮತ್ತೆ ಒಳಗೆ ಕರೆಯುವವರು ನಾವು. ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿದರೆ ಬರುತ್ತದೆ, ಕಬ್ಬಿಣದ ಸರಳಿನಿಂದ ಕದಡಿದರೆ ಬರುತ್ತದೆ. ತಿಳಿದವರು ಅದಕ್ಕೇ ಸೌಟಿಗೆ, ಪಾತ್ರೆಯ ಒಳಮೈಗೆ ಸುಣ್ಣದಂಥ ಲೇಪ ಬಳಿಯುತ್ತಾರೆ, ನಮ್ಮ ಅಜ್ಜಿಯಂದಿರು ಮಸಿ ಹಿಡಿಯದಿರಲೆಂದು ಪಾತ್ರೆಯ ಅಡಿಗೆ ಬೂದಿ ಬಳಿಯುತ್ತಿದ್ದ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಗುಜರಿಯ ಜತೆಗೆ. ಹಿಡಿಯ ಸ್ಕ್ರೂ, ಬಕೆಟಿನ ಸರಿಗೆ, ಕಿವಿಯ ರಿವೆಟ್ಟು ಎಲ್ಲ ಒಟ್ಟಿಗೇ ಕುಲುಮೆಗೆ ಬೀಳುತ್ತವೆ. ಪ್ರತಿ ಸಲ ಕರಗಿಸುವಾಗಲೂ ಕಬ್ಬಿಣ ಸ್ವಲ್ಪ ಸ್ವಲ್ಪ ಏರುತ್ತದೆ, ಇಳಿಯುವುದಿಲ್ಲ.

“ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತದಾ?” ಎಂದು ಕೇಳಿದ್ದೆ. ಇಲ್ಲವಂತೆ. ಅಲ್ಯೂಮಿನಿಯಂ ಜತೆ ಹೀಗೆ ಕೂಡಿಹೋದ ಕಬ್ಬಿಣ ಆಯಸ್ಕಾಂತದ ಕರೆಗೆ ಓಗೊಡುವುದಿಲ್ಲ. ಕರಗುವ ಮೊದಲು ಬಿಡಿಯಾಗಿರುವ ಸ್ಕ್ರೂ ಮಾತ್ರ ಸಿಕ್ಕೀತು.

ನಿಮ್ಮ ಮನಸ್ಸಿನಲ್ಲಿ ಏಳುತ್ತಿರುವ ಪ್ರಶ್ನೆ ನನ್ನಲ್ಲೂ ಎದ್ದಿತ್ತು. ಈ ಕಬ್ಬಿಣ ಊಟಕ್ಕೆ ಕೇಡೇ? ಹೊಟ್ಟೆಯ ಮಟ್ಟಿಗೆ ಕಬ್ಬಿಣದ ಹೆದರಿಕೆ ಬೇಡ. ಹೆದರಬೇಕಾದದ್ದು ಸೀಸಕ್ಕೆ. ಯಾವ ಯಾವುದೋ ಹಳೆಯ ಲೋಹ ಕರಗಿಸಿ ಮಾಡಿದ ಪಾತ್ರೆಯಲ್ಲಿ ಅದೂ ಸೇರಿರಬಹುದು. ನಾವು ಇಂಡಾಲಿಯಂ ಎನ್ನುವ ಮಿಶ್ರಲೋಹದ ಮತ್ತು ಅಲ್ಯೂಮಿನಿಯಂ, ಹಿತ್ತಾಳೆಗಳ ಕೆಲವು ಆಮದು ಪಾತ್ರೆಗಳಿಂದ ಸೀಸ ಆಹಾರಕ್ಕೆ ಇಳಿಯಬಹುದೆಂದು ೨೦೨೫ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು. ಹೆಸರು ದಿಕ್ಕಿಲ್ಲದ ಎರಕದ ಪಾತ್ರೆಯಲ್ಲಿ ಹುಳಿ ಕುದಿಸದಿರುವುದು ಕ್ಷೇಮ. ನಮ್ಮ ಹಿರಿಯರು ಹುಳಿಗೆ ಕಲ್ಲಿನ ಮರಿಗೆ, ಉಪ್ಪಿನಕಾಯಿಗೆ ಭರಣಿ ಎಂದು ಬೇರೆಯೇ ಇಟ್ಟದ್ದು ಸುಮ್ಮನೆಯಲ್ಲ.

ತಮ್ಮ ಆ ಸೂಜಿಗಳ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೊಟ್ಟಿದ್ದ. “ಕಬ್ಬಿಣ ಒಂದೇ ಕಾರಣ ಎಂದು ಆಣೆ ಹಾಕಲಾರೆ. ತೂತೂ ಉಂಟು, ಅಚ್ಚಿನ ದೋಷವೂ ಇರಬಹುದು. ಆದರೆ ಆ ಪಟ್ಟಿ ಯಾರ ಕೈಯಲ್ಲಾದರೂ ಮುರಿಯಬೇಕಾದದ್ದೇ” ಎಂದಿದ್ದ. ಮುಂದಿನ ಸಲ ಕಡಬಕ್ಕೆ ಹೋದಾಗ ಅದನ್ನು ಅತ್ತೆಗೆ ತೋರಿಸಿ ಹಪ್ಪಳದ ಕಥೆಯನ್ನೆಲ್ಲ ಹೇಳಿದೆ. ಅವರು ಶಾಲೆ ಕಂಡದ್ದು ನಾಲ್ಕನೆಯ ಕ್ಲಾಸಿನವರೆಗೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಹಾಗಾದರೆ ಅದು ಎರಕ ಹೊಯ್ದ ದಿನವೇ ಮುರಿದಿತ್ತು ಅನ್ನು” ಎಂದರು.

ನನ್ನ ತಮ್ಮ ಒಂದು ಗಂಟೆ ಹೇಳಿದ್ದನ್ನು ಅವರು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ಆ ಹುಡುಗಿಯನ್ನು ಕರೆದು ಏನೂ ಹೇಳಲಿಲ್ಲ. ಹಾಗೆ ಕರೆದು ಹೇಳುವ ಕ್ರಮ ನಮ್ಮ ಮನೆಗಳಲ್ಲಿ ಇಲ್ಲ. ಆ ವರ್ಷದ ದೀಪಾವಳಿಗೆ ಹಿತ್ತಾಳೆಯ ಹೊಸ ಮಣೆ ಬಂದಿತ್ತು. ಒರಳಿಗೆ ಉಂಡೆ ತುಂಬಿಸಿದ ಅತ್ತೆ, ಜಗಲಿಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದವಳಿಗೆ, “ಬಾ ಇಲ್ಲಿ, ತಿರುಗಿಸು. ನನಗೆ ರಟ್ಟೆ ನೋವು” ಎಂದರು. ಆಕೆ ಬಂದು ಕುಳಿತಳು. ಮೂಲೆಯ ಹಿರಿಯರು ಆ ದಿನ ಗಾದೆ ತೆಗೆಯಲಿಲ್ಲ.

ಈ ವಿಷಯ ತಿಳಿದ ಮೇಲೆ ನನ್ನದೊಂದು ಹೊಸ ಕ್ರಮ ಸುರುವಾಗಿದೆ. ಹಳೆಯ ಅಲ್ಯೂಮಿನಿಯಂ ಕರಗಿಸಿ ಹೊಸದು ಮಾಡಲು, ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಆದ್ದರಿಂದ ಗುಜರಿಗೆ ಕೊಡುವುದು ಒಳ್ಳೆಯ ಕೆಲಸವೇ. ಕೊಡುವ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಜಗಲಿಯಲ್ಲಿ ಕೂರುತ್ತೇನೆ. ಹಿಡಿ ಕಳಚಿ, ಸ್ಕ್ರೂ ತೆಗೆದು, ಸರಿಗೆ ಬಿಡಿಸಿ ಬೇರೆ ಬೇರೆ ಮಾಡುತ್ತೇನೆ. ಕೆಲವು ಸ್ಟೀಲಿನ ಸ್ಕ್ರೂಗಳಿಗೆ ಆಯಸ್ಕಾಂತವೂ ಅಂಟುವುದಿಲ್ಲ, ಕೈಯಿಂದಲೇ ತೆಗೆಯಬೇಕು. ಪುತ್ತೂರಿನ ನಮ್ಮ ಓಣಿಗೆ ಬರುವ ಗುಜರಿಯವರು ಮೊದಮೊದಲು, “ಎಂತಕ್ಕೆ ಅಕ್ಕ ಇಷ್ಟು ಕಷ್ಟ? ತೂಕ ಕಡಿಮೆಯಾಗುತ್ತದಲ್ಲ” ಎಂದು ನಗುತ್ತಿದ್ದರು. ಕಡಿಮೆಯಾಗಲಿ. ಒಂದು ಹಿಡಿ ಸ್ಕ್ರೂಗಳಿಗೆ ಸಿಗುವ ದುಡ್ಡಿನಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಬಾರದು. ಆ ಪಾತ್ರೆ ಕರಗಿ ಎಲ್ಲಿಯೋ ಒಂದು ಸೇಮಿಗೆ ಮಣೆಯಾಗಿ, ಯಾವುದೋ ಊರಿನ ಹೊಸ ಸೊಸೆಯ ಕೈಗೆ ಬರುವುದುಂಟಲ್ಲ.